ತಕ್ಕಡಿ ಮೊದಲು, ಬೋರ್ಡು ಆಮೇಲೆ: ಹದಿನಾಲ್ಕು ಮನೆ ಸೇರಿ ಉಪ್ಪಾಗೆ ಒಣಗಿಸಿ ಮಾರುವುದು ಹೇಗೆ

ನಾನು 19 ವರ್ಷ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವನು. ಅಡಿಕೆ ಚೀಲ ತಕ್ಕಡಿ ಮೇಲೆ ಬಂದಾಗ ಗೋಣಿಯ ತೂಕ ಅಂತ ಒಂದು ಕೆಜಿ ಕಳೆದು ಬರೆಯಬೇಕು. ಅದು ಅಲ್ಲಿಯ ರೂಢಿ. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ, ಸುಮ್ನೆ ಕುತೂಹಲಕ್ಕೆ ಖಾಲಿ ಗೋಣಿ ಇಟ್ಟು ನೋಡಿದೆ. 600 ಗ್ರಾಂ. ಇನ್ನೊಂದು ಇಟ್ಟೆ. ಅದೂ ಅಷ್ಟೇ. ಅಂದರೆ ಚೀಲಕ್ಕೆ 400 ಗ್ರಾಂ ಅಡಿಕೆ, ಕೆಜಿಗೆ 250 ರೂಪಾಯಿ ಇದ್ದ ಕಾಲಕ್ಕೆ 100 ರೂಪಾಯಿ, ನನ್ನ ಪೆನ್ನಿನ ತುದಿಯಲ್ಲಿ ಹಾರಿ ಹೋಗುತ್ತಿತ್ತು. ಬೆಳೆಗಾರರಿಗೆ ಗೊತ್ತಿರಲಿಲ್ಲ ಅಂತಲ್ಲ. ಹೆಚ್ಚಿನವರು ಮುಂಗಡ ತೆಗೆದುಕೊಂಡಿದ್ದರು. ಮುಂಗಡ ತಗೊಂಡವರು ತಕ್ಕಡಿ ಹತ್ತಿರ ನಿಂತು ಪ್ರಶ್ನೆ ಕೇಳುವುದಿಲ್ಲ.

2016ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದೆ. ಹೊಸನಗರ ತಾಲೂಕಿನಲ್ಲಿ ಹಿನ್ನೀರಿನ ಪಕ್ಕದ ಸಣ್ಣ ಕೇರಿ ನಮ್ಮದು. ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಗದ್ದೆ ಬಿಟ್ಟು ಮೇಲೆ ಹತ್ತಿ ಬಂದವರೇ ಹೆಚ್ಚು. ಈಗ ಸಂಘದಲ್ಲಿರುವ ಹದಿನಾಲ್ಕರಲ್ಲಿ ತೋಟ ಇರುವ ಮನೆ ಐದು. ಉಳಿದ ಒಂಬತ್ತು ಮನೆಯವರು ಅಡಿಕೆ ಗೊನೆ ಕೊಯ್ಯಲು ಹೋಗುತ್ತಾರೆ, ಅಡಿಕೆ ಸುಲಿಯುತ್ತಾರೆ, ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕುತ್ತಾರೆ. ಉಪ್ಪಾಗೆ ಅಂದರೆ ಒಂದು ಕಾಡು ಹುಳಿ ಹಣ್ಣು, ಅದರ ಸಿಪ್ಪೆ ಒಣಗಿಸಿ ಹುಣಸೆ ಬದಲು ಅಡಿಗೆಗೆ ಹಾಕುತ್ತಾರೆ. ಈಗ ನಾವು ಉಪ್ಪಾಗೆಯನ್ನು ಒಟ್ಟಿಗೆ ಒಣಗಿಸಿ ಒಟ್ಟಿಗೆ ಮಾರುತ್ತೇವೆ. ಕಾಡಿನ ಮರವೂ ಉಳಿದಿದೆ, ಕೈಗೂ ನಾಲ್ಕು ಕಾಸು ಜಾಸ್ತಿ ಬರುತ್ತಿದೆ. ಬೇರೆ ಊರಿನವರು ಫೋನ್ ಮಾಡಿ ‘ಹೇಗೆ ಶುರು ಮಾಡಿದ್ರಿ, ಯಾವ ಸ್ಕೀಮು?’ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ. ಉಪ್ಪಾಗೆ ಬದಲು ಮುರುಗಲು, ಅಪ್ಪೆಮಿಡಿ, ಹಲಸು ಯಾವುದಾದರೂ ಇಟ್ಟುಕೊಳ್ಳಿ, ದಾರಿ ಹೆಚ್ಚೂಕಡಿಮೆ ಇದೇ.

ಹಳೇ ವರ್ಷದ ಲೆಕ್ಕ ಬರೆಯಿರಿ

ಸಂಘಕ್ಕೆ ಹೆಸರು ಇಡುವುದು, ಬ್ಯಾನರ್ ಹೊಡೆಸುವುದು ಎಲ್ಲ ಬೇಡ. ಒಂದು ಸಂಜೆ ಯಾರದಾದರೂ ಜಗುಲಿಯಲ್ಲಿ ಕೂತು, ಹೋದ ವರ್ಷ ಒಂದು ಮನೆಗೆ ಏನಾಯಿತು ಅಂತ ಬರೆಯಿರಿ. ಒಂದೇ ಮನೆ ಸಾಕು, ಆದರೆ ಪೈಸೆ ಪೈಸೆ ಬರೆಯಬೇಕು.

ನಾವು ಬರೆದದ್ದು ಕೆಳಮನೆ ಅಕ್ಕನ ಲೆಕ್ಕ. ಅವರು, ಅವರ ಮಗ ಸೇರಿ ಆ ಮಳೆಗಾಲ ಮಾಡಿದ ಒಣ ಸಿಪ್ಪೆ 96 ಕೆಜಿ. ಪೇಟೆಯಲ್ಲಿ ಆಗ ಕೆಜಿಗೆ 110 ರೂಪಾಯಿ ನಡೆಯುತ್ತಿತ್ತು. ಅಕ್ಕನಿಗೆ ಹಾಕಿದ್ದು 70. ಯಾಕೆಂದರೆ ಜೂನ್ ಮೊದಲ ವಾರ ಮಗನ ಶಾಲೆಗೆ, ಮಳೆಗಾಲದ ಸಾಮಾನಿಗೆ ಅಂತ ಸಿಪ್ಪೆ ಕೊಳ್ಳುವ ವ್ಯಾಪಾರಿಯಿಂದ 3,000 ರೂಪಾಯಿ ಮುಂಗಡ ತಂದಿದ್ದರು. ದುಡ್ಡು ಕೊಟ್ಟ ದಿನವೇ ದರವೂ ಮಾತಾಗಿತ್ತು. ಮೇಲಿಂದ ‘ಹಸಿ ಇದೆ’ ಅಂತ ನೂರಕ್ಕೆ ಎಂಟು ಕೆಜಿ ಸೂಟು, ಅಂದರೆ ಕಡಿತ. ಸೂಟು ಕಳೆದು ಅಕ್ಕನ ಹೆಸರಿಗೆ ಬಂದದ್ದು ಸುಮಾರು 6,180 ರೂಪಾಯಿ. ಪೇಟೆ ದರ ಸಿಕ್ಕಿದ್ದರೆ 10,560. ವ್ಯತ್ಯಾಸ 4,380.

ಅಕ್ಕ ಆ ಕಾಗದ ನೋಡುತ್ತಾ, ‘ಮೂರು ಸಾವಿರಕ್ಕೆ ನಾಲ್ಕು ಸಾವಿರ ಬಡ್ಡಿ ಕೊಟ್ಟಂಗಾಯ್ತಲ್ಲ ಮಾರಾಯ’ ಅಂದರು. ಎರಡು ತಿಂಗಳ ಸಾಲಕ್ಕೆ! ಚೀಟಿ ಕೇಳಿದರೆ ಬಿಳಿಚೀಟಿ. ಅದರಲ್ಲಿ ಅಂಗಡಿಯ ಹೆಸರೂ ಇಲ್ಲ, ತಾರೀಕೂ ಇಲ್ಲ.

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಎಲ್ಲರೂ ‘ಒಳ್ಳೆ ದರ ಕೊಡುವ ಮಾರ್ಕೆಟ್ ಹುಡುಕೋಣ’ ಅಂತ ಶುರು ಮಾಡುತ್ತಾರೆ. ದರ ಇದ್ದೇ ಇತ್ತು. ಅಕ್ಕನಿಗೆ ಅಲ್ಲಿಗೆ ಹೋಗುವ ಹಾಗಿರಲಿಲ್ಲ ಅಷ್ಟೇ. ಕಾಲಿಗೆ ಕಟ್ಟಿದ ಹಗ್ಗ ಮುಂಗಡದ್ದು. ಹಾಗಾಗಿ ಮೊದಲು ಬೇಕಾದದ್ದು ಮುಂಗಡಕ್ಕೆ ಬದಲಿ.

ನಾವು ದಸರಾ ಕಳೆದ ಮೇಲೆ ವಾರಕ್ಕೆ ಮನೆಗೆ 50 ರೂಪಾಯಿ ಹಾಕುತ್ತಾ ಹೋದೆವು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ 36 ವಾರ. 14 ಮನೆಯಿಂದ 25,200 ರೂಪಾಯಿ ಆಯಿತು. ತೋಟದ ಐದು ಮನೆಯವರು ‘ನಮಗೆ ಈಗ ಬೇಡ’ ಅಂದರು. ಉಳಿದ ಒಂಬತ್ತು ಮನೆಗೆ 2,800ರ ಹಾಗೆ ಮುಂಗಡ ಕೊಟ್ಟೆವು. ಬಡ್ಡಿ ಇಲ್ಲ. ಸಿಪ್ಪೆ ತಂದ ಹಾಗೆ ಮೂರು ಕಂತಲ್ಲಿ ಮುರಿದುಕೊಳ್ಳುವುದು. ಆ ವರ್ಷ ಜೂನ್‌ನಲ್ಲಿ ವ್ಯಾಪಾರಿಯ ಏಜೆಂಟು ಬೈಕಿನಲ್ಲಿ ಬಂದ. ಪ್ರತಿ ಮನೆಯಲ್ಲೂ ಚಹಾ ಕುಡಿದ. ಯಾರೂ ದುಡ್ಡು ತಗೊಳ್ಳಲಿಲ್ಲ.

ತಕ್ಕಡಿ

ಎರಡನೆಯ ಖರ್ಚು ತಕ್ಕಡಿ. ಸಾಗರದ ಪಕ್ಕದ ಕಾಗೋಡು ಗೊತ್ತಲ್ವಾ? 1951ರಲ್ಲಿ ಅಲ್ಲಿ ಗೇಣಿ ರೈತರು ಸತ್ಯಾಗ್ರಹ ಮಾಡಿದ್ದು ಶುರುವಾದದ್ದೇ ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು. ಎಲ್ಲರಿಗೂ ಒಂದೇ ಅಳತೆ ಇಡಿ ಅಂತ ರೈತರು ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಇಲ್ಲಿ ಬಂಧನಕ್ಕೊಳಗಾದರು. ಅಲ್ಲಿಂದ ಎದ್ದ ಮಾತು 1974ರ ಭೂಸುಧಾರಣೆ ತನಕ ನಡೆಯಿತು. ನಮ್ಮ ಅಪ್ಪ ಆ ಕತೆ ಹೇಳುವಾಗ ಕೊಳಗದ ಬಾಯಿ ಎಷ್ಟು ಅಗಲ ಅಂತ ಎರಡೂ ಕೈ ಚಾಚಿ ತೋರಿಸುತ್ತಿದ್ದರು. ಅಂಥವರ ಮಗ ನಾನು ಮಂಡಿಯಲ್ಲಿ ಕೂತು 400 ಗ್ರಾಂ ನುಂಗುತ್ತಿದ್ದೆ. ಇರಲಿ.

ನೂರು ಕೆಜಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಕೊಳ್ಳಿ. ಕೊಳ್ಳುವಾಗಲೇ ತೂಕ-ಅಳತೆ ಇಲಾಖೆಯ ಮುದ್ರೆ ಇದೆಯಾ ನೋಡಿ. ಮುದ್ರೆ ಒಂದು ವರ್ಷಕ್ಕೆ, ಮತ್ತೆ ಹಾಕಿಸಬೇಕು. ಮನೆಯಲ್ಲಿ ಪರೀಕ್ಷೆ ಮಾಡುವ ಸುಲಭ ದಾರಿ: ಅಂಗಡಿಯಿಂದ ಒಡೆಯದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಹತ್ತು ತನ್ನಿ. ಒಟ್ಟಿಗೆ ಇಟ್ಟರೆ 10 ಕೆಜಿ ಮೇಲೆ ಪ್ಲಾಸ್ಟಿಕ್ಕಿನ ತೂಕ ಒಂದಿಷ್ಟು ಗ್ರಾಂ ತೋರಿಸಬೇಕು. ಕಡಿಮೆ ತೋರಿಸಿದರೆ ಏನೋ ಎಡವಟ್ಟು. ಉಪ್ಪು ಹೇಗೂ ಖರ್ಚಾಗುತ್ತದೆ.

ತೂಗುವ ಕ್ರಮಕ್ಕೆ ನಮ್ಮಲ್ಲಿ ಮೂರು ಮಾತಿದೆ. ಅಂಕಿ ಎಲ್ಲರಿಗೂ ಕಾಣುವ ಹಾಗೆ ತಕ್ಕಡಿ ಜಗುಲಿಯ ಅಂಚಿನಲ್ಲಿರಬೇಕು. ತಂದವರೇ ಅಂಕಿ ಗಟ್ಟಿಯಾಗಿ ಓದಬೇಕು. ಬುಟ್ಟಿ ಖಾಲಿ ಮಾಡಿ ಮತ್ತೆ ತೂಗಬೇಕು, ಅಂದಾಜಿಗೆ ಕಳೆಯುವ ಹಾಗಿಲ್ಲ. ಓದಲು ಬಾರದ ಅಜ್ಜಿ ಒಬ್ಬರಿದ್ದಾರೆ. ಅವರ ತೂಕ ಅವರ ಮೊಮ್ಮಗಳು ಓದುತ್ತಾಳೆ. ಬರೆದುಕೊಳ್ಳುವುದು ಎರಡು ಪುಸ್ತಕದಲ್ಲಿ, ಒಂದು ಸಂಘದ್ದು, ಒಂದು ತಂದವರದು. ಅವರ ಪುಸ್ತಕ ಅವರ ಮನೆಯಲ್ಲೇ ಇರಬೇಕು. ‘ಎಲ್ಲ ನಮ್ಮತ್ರ ಇರ್ಲಿ, ಕಳೆದುಹೋಗುತ್ತೆ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಾನೂ ಹಾಗೇ ಅನ್ನುತ್ತಿದ್ದೆ ಮಂಡಿಯಲ್ಲಿ.

ಮರದಲ್ಲಿ ಎಷ್ಟು ಬಿಡಬೇಕು

ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ, ಜೂನ್ ಕೊನೆಯಿಂದ ಆಗಸ್ಟ್ ತನಕ. ಹಳದಿಯಾಗಿ ಪುಟ್ಟ ಕುಂಬಳದ ಹಾಗೆ ಏಣೇಣು. ತಾನಾಗಿ ಬಿದ್ದ ಹಣ್ಣಿನ ಸಿಪ್ಪೆ ದಪ್ಪ, ಒಣಗಿದರೆ ತೂಕವೂ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಕಾಯಿ ಹಸಿರಿರುವಾಗಲೇ ಕೊಯ್ಯುತ್ತಿದ್ದರು, ಕೊಂಬೆಯನ್ನೇ ಕಡಿದು ಕೆಳಗೆ ಬೀಳಿಸುತ್ತಿದ್ದರು. ದುರಾಸೆ ಅಂತ ಹೇಳುವುದು ಸುಲಭ. ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನಲ್ಲ ಅನ್ನುವ ಹೆದರಿಕೆ ಅದು. ಕಡಿದ ಕೊಂಬೆಯಲ್ಲಿ ಮತ್ತೆ ಕಾಯಿ ಬರಲು ಎಷ್ಟೋ ವರ್ಷ ಬೇಕು. ಸಿಂಗಳೀಕ, ಕಬ್ಬೆಕ್ಕು ಇವೂ ಅದೇ ಹಣ್ಣು ತಿನ್ನುತ್ತವೆ, ಬೀಜ ಹರಡುತ್ತವೆ. ಹಸಿರಿರುವಾಗಲೇ ಬೋಳಿಸಿದರೆ ಬೀಜವೂ ಬಲಿಯುವುದಿಲ್ಲ, ಅವಕ್ಕೂ ಇಲ್ಲ.

ಉಪದೇಶದಿಂದ ಇದು ನಿಲ್ಲಲಿಲ್ಲ. ನಿಂತದ್ದು ಎರಡು ಕಟ್ಟುಪಾಡಿನಿಂದ. ಒಂದು, ಆರಿದ್ರಾ ಮಳೆ ಮುಗಿಯುವ ತನಕ ಒಟ್ಟಿಗೆ ಒಣಗಿಸುವ ಶೆಡ್ಡಿನ ಬಾಗಿಲು ತೆಗೆಯುವುದಿಲ್ಲ. ಮುಂಚೆ ಕೊಯ್ದವರು ತಮ್ಮ ಮನೆಯಲ್ಲೇ ಕೊಳೆಸಬೇಕು. ಎರಡು, ಹಸಿರು ಸಿಪ್ಪೆ ಬಂದರೆ ತಕ್ಕಡಿಗೇ ಇಡುವುದಿಲ್ಲ. ಮೊದಲ ವರ್ಷ ಒಬ್ಬರ 17 ಕೆಜಿ ವಾಪಸ್ ಕಳಿಸಬೇಕಾಯಿತು, ಅದೂ ನನ್ನ ಸ್ವಂತ ಚಿಕ್ಕಪ್ಪನದು. ಮೂರು ತಿಂಗಳು ಮಾತು ಬಿಟ್ಟರು. ಆದರೆ ಊರಿಗೆಲ್ಲ ಗೊತ್ತಾಯಿತು, ಇದು ನಿಜ ಅಂತ. ನಿಮ್ಮಲ್ಲೂ ಮೊದಲ ವಾಪಸ್ಸು ಸ್ವಂತದವರದೇ ಆದರೆ ಒಳ್ಳೆಯದು.

ಮರದ ಮೇಲ್ಗಡೆಯ ಗೆಲ್ಲಿನ ಹಣ್ಣು ಮುಟ್ಟುವ ಹಾಗಿಲ್ಲ. ದೋಟಿ ಎಟುಕುವಷ್ಟು ಮಾತ್ರ. ಅಳೆಯಲು ಸುಲಭ, ಜಗಳ ಕಡಿಮೆ.

ಯಾವ ಮರ ಅನ್ನುವುದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಾವು ಶುರು ಮಾಡಿದ್ದು ಹಿತ್ತಲು, ತೋಟದ ಬೇಲಿ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಗುಡ್ಡ) ಇಲ್ಲಿನ ಮರಗಳಿಂದ. ಅರಣ್ಯದ ಮರಕ್ಕೆ ಕೈ ಹಾಕುವ ಮುಂಚೆ ವಲಯ ಅರಣ್ಯ ಕಚೇರಿಗೆ, ಗ್ರಾಮ ಅರಣ್ಯ ಸಮಿತಿ ಇದ್ದರೆ ಅಲ್ಲಿಗೆ ಹೋಗಿ ಮಾತಾಡಿ. ಶರಾವತಿ ಕಣಿವೆಯಲ್ಲಿ 2019ರಿಂದ ಸಿಂಗಳೀಕ ಅಭಯಾರಣ್ಯ ಇದೆ. ಗಡಿ ಎಲ್ಲಿ ಬರುತ್ತದೆ ಅಂತ ನಕ್ಷೆ ನೋಡಿಕೊಂಡು ಅದರೊಳಗಿನ ಗೋಜಿಗೆ ಹೋಗಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಹೆಕ್ಕುವ, ಮಾರುವ ಹಕ್ಕು ಇದೆ. ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಿಂದ ಹೋಗಬೇಕು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ಮುಳುಗಡೆಯಾಗಿ ಬಂದ ನಮ್ಮಂಥವರು ಮನೆಯೇ ನೀರಿನಡಿ ಇರುವಾಗ ಯಾವ ದಾಖಲೆ ತೋರಿಸುವುದು? ನಮ್ಮ ಅರ್ಜಿ ಇನ್ನೂ ಮೇಜಿಂದ ಮೇಜಿಗೆ ಹೋಗುತ್ತಿದೆ. ಅದಕ್ಕಾಗಿ ಕಾದು ಕೂರಬೇಡಿ, ಆದರೆ ಹಾಕದೆ ಇರಲೂಬೇಡಿ.

ಒಣಗಿಸುವುದು

ಇಲ್ಲಿ ಸ್ವಲ್ಪ ನಿಧಾನ ಓದಿ. ಕಾಡು ಹೋಗುವುದೂ ದುಡ್ಡು ಹೋಗುವುದೂ ಇಲ್ಲೇ.

ಮಳೆಗಾಲದಲ್ಲಿ ಹಣ್ಣಾಗುವ ವಸ್ತು. ಬಿಸಿಲಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಒಲೆ ಮೇಲೆ ಅಟ್ಟ ಕಟ್ಟಿ, ಹಗಲೂ ರಾತ್ರಿ ಸೌದೆ ಉರಿಸುತ್ತಿದ್ದರು. ಕೆಳಮನೆ ಅಕ್ಕ 96 ಕೆಜಿ ಸಿಪ್ಪೆಗೆ 30 ಹೊರೆ ಸೌದೆ ಹೊತ್ತಿದ್ದರು. ಅಡಿಗೆಮನೆಯೆಲ್ಲ ಹೊಗೆ, ಕಣ್ಣೆಲ್ಲ ಕೆಂಪು. ಸಿಪ್ಪೆಯೂ ಕಪ್ಪಾಗಿ ಹೊಗೆ ವಾಸನೆ ಹಿಡಿದು ದರ ಬೀಳುತ್ತಿತ್ತು. ನಾಲ್ಕು ಕಾಸಿನ ಹಣ್ಣಿಗೆ ಎಂಟು ಕಾಸಿನ ಕಾಡು.

ಒಬ್ಬರು ನಮಗೆ ಸೋಲಾರ್ ಡ್ರೈಯರ್ ಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ಜುಲೈ ತಿಂಗಳಲ್ಲಿ, ಮಲೆನಾಡಿನಲ್ಲಿ! ಮುರುಗಲು ಹಣ್ಣಿಗೆ, ಹಲಸಿನ ಹಪ್ಪಳಕ್ಕೆ ಏಪ್ರಿಲ್, ಮೇನಲ್ಲಿ ಅದು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಮಳೆಗಾಲದಲ್ಲಿ ಅದರೊಳಗೆ ಹುಂಜ ಮಲಗುತ್ತದೆ.

ನಾವು ಮಾಡಿಕೊಂಡದ್ದು ಹೀಗೆ. ಹೊಸ ಕಟ್ಟಡ ಕಟ್ಟಲಿಲ್ಲ. ತೋಟದ ಮನೆಯವರ ಅಡಿಕೆ ಬೇಯಿಸುವ ಚಪ್ಪರ ಮಳೆಗಾಲದಲ್ಲಿ ಖಾಲಿ ಇರುತ್ತದೆ. ಅಲ್ಲಿ ಜಂಬಿಟ್ಟಿಗೆ ಕಲ್ಲಿನಿಂದ ಆರಡಿ ಉದ್ದ, ನಾಲ್ಕಡಿ ಅಗಲದ ಪೆಟ್ಟಿಗೆ ಕಟ್ಟಿದೆವು. ಎತ್ತರ ಎದೆಮಟ್ಟ ಇದ್ದರೆ ಸಾಕು, ಇಲ್ಲದಿದ್ದರೆ ಹೆಂಗಸರಿಗೆ ತಟ್ಟೆ ಎತ್ತಲು ಕಷ್ಟ. ಕೆಳಗೆ 200 ಲೀಟರಿನ ಹಳೇ ಡ್ರಮ್ಮನ್ನು ಅಡ್ಡ ಮಲಗಿಸಿ ಕೂರಿಸಿ. ಅದೇ ಒಲೆ. ಬೆಂಕಿ ಹಾಕುವ ಬಾಯಿ ಗೋಡೆಯ ಹೊರಗೆ ಬರಬೇಕು. ಇನ್ನೊಂದು ತುದಿಯಿಂದ ಹೊಗೆ ಕೊಳವೆ ಮಾಡಿನ ಮೇಲೆ ಹೋಗಬೇಕು. ಹೊಗೆ ಸಿಪ್ಪೆಗೆ ತಾಗಲೇಬಾರದು, ಬಿಸಿ ಮಾತ್ರ ತಾಗಬೇಕು. ಡ್ರಮ್ಮಿನ ಮೇಲೆ ತಗಡು, ಅದರ ಮೇಲೆ ಒಂದಂಗುಲ ಮರಳು. ಮೇಲಿನ ರಸ ಹನಿದರೂ ಸುಟ್ಟ ವಾಸನೆ ಬರುವುದಿಲ್ಲ. ಗೋಡೆಯ ಬುಡದಲ್ಲಿ ಗಾಳಿ ಒಳಗೆ ಬರಲು ನಾಲ್ಕು ತೂತು, ಮೇಲೆ ಹಬೆ ಹೋಗಲು ಜಾಗ. ಮೊದಲ ಸಲ ಮೇಲೆ ಮುಚ್ಚಿಬಿಟ್ಟಿದ್ದೆವು, ಬಿಸಿ ಉಳಿಯಲಿ ಅಂತ. ಸಿಪ್ಪೆ ಒಣಗದೆ ಬೆಂದುಹೋಯಿತು.

ತಟ್ಟೆ ಬಿದಿರಿನ ಹೆಣಿಗೆಯದು, ನಾಲ್ಕು ಸಾಲು. ಉಪ್ಪಾಗೆಯ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಕಬ್ಬಿಣದ ಜಾಲರಿ ಹಾಕಬೇಡಿ. ನಾಲ್ಕು ಗಂಟೆಗೊಮ್ಮೆ ಕೆಳಗಿನ ತಟ್ಟೆ ಮೇಲೆ, ಮೇಲಿನದು ಕೆಳಗೆ. ಒಂದು ಸಲಕ್ಕೆ 60 ಕೆಜಿ ಹಸಿ ಸಿಪ್ಪೆ ಹಿಡಿಯುತ್ತದೆ, ಹೆಚ್ಚೂಕಡಿಮೆ ಒಂದು ಹಗಲು ಒಂದು ರಾತ್ರಿ ಬೇಕು. ಎಲ್ಲ ಸೇರಿ ನಮಗೆ 38,000 ರೂಪಾಯಿ ಖರ್ಚಾಯಿತು. ಕಲ್ಲು ಹೊರುವ ಕೆಲಸ ಮುಯ್ಯಾಳಿನಲ್ಲಿ ಮುಗಿಯಿತು.

ಉರುವಲು ಅಡಿಕೆ ಸಿಪ್ಪೆ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಗೆ ರಾಶಿ ಹಾಕಿ ಬೆಂಕಿ ಕೊಡುತ್ತಾರಲ್ಲ, ಅದೇ. ಜನವರಿಯಲ್ಲೇ ಒಣಗಿದ್ದನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿಡಬೇಕು. ಮೇ ಕೊನೆಯಲ್ಲಿ ನೆನಪಾದರೆ ಏನೂ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ನೆಂದು ಮುದ್ದೆಯಾಗಿರುತ್ತದೆ. ಬರೀ ಅಡಿಕೆ ಸಿಪ್ಪೆ ಬೇಗ ಬೂದಿಯಾಗುತ್ತದೆ, ಜೊತೆಗೆ ತೆಂಗಿನ ಚಿಪ್ಪು, ಒಣ ಹೆಡೆಮಟ್ಟೆ ಸೇರಿಸಿ. ಹೋದ ವರ್ಷ ಹದಿನಾಲ್ಕೂ ಮನೆಗೆ ಸೇರಿ ಕಾಡಿನ ಸೌದೆ ಬಂದದ್ದು 11 ಹೊರೆ. ಅದೂ ಪುಷ್ಯ ಮಳೆಯ ಆ ಒಂದು ವಾರ.

ಈಗ ನಮ್ಮ ದೊಡ್ಡ ತಪ್ಪು. ಮೊದಲ ವರ್ಷ ಲಾರಿ ನಾಳೆ ಬರುತ್ತದೆ ಅಂತ ಫೋನ್ ಬಂತು. ಗಡಿಬಿಡಿಯಲ್ಲಿ ಬಿಸಿ ಬಿಸಿ ಸಿಪ್ಪೆಯನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಲಾರಿ ಬಂದದ್ದು ಒಂಬತ್ತು ದಿನ ಬಿಟ್ಟು. ಚೀಲ ಬಿಚ್ಚಿದರೆ ಬಿಳಿ ಬೂಸ್ಟು, ಕೈ ಹಾಕಿದರೆ ಒಳಗೆ ಬೆಚ್ಚಗೆ. 62 ಕೆಜಿ ಗುಂಡಿಗೆ ಹೋಯಿತು. ಯಾರ ಸಿಪ್ಪೆ ಅದು ಅಂತ ಜಗಳ ಎದ್ದಿತು. ಆಗಲೇ ಮಾಡಿದ್ದು ಈ ನಿಯಮ: ತಕ್ಕಡಿ ದಾಟಿದ ಮೇಲೆ ಸಿಪ್ಪೆ ಯಾರದೂ ಅಲ್ಲ, ಎಲ್ಲರದು. ಲುಕ್ಸಾನೂ ಎಲ್ಲರದು.

ಒಣಗಿದೆಯಾ ಅಂತ ನೋಡುವುದು ಹೇಗೆ: ತಣ್ಣಗಾದ ತುಂಡನ್ನು ಮಡಚಿ. ಚಪ್ಪಲಿಯ ಚರ್ಮದ ಹಾಗೆ ಬಾಗಬೇಕು, ಬೆರಳಿಗೆ ಅಂಟಬಾರದು, ಮಡಚಿದ ಕಡೆ ರಸ ಕಾಣಬಾರದು. ಬಿಸಿಯಿದ್ದಾಗ ಎಲ್ಲವೂ ಮೆತ್ತಗೇ ಇರುತ್ತದೆ, ಆಗ ನೋಡಿದರೆ ಮೋಸ ಹೋಗುತ್ತೀರಿ. ಒಂದು ರಾತ್ರಿ ಚಾಪೆ ಮೇಲೆ ತಣಿಸಿ, ಬೆಳಗ್ಗೆ ತುಂಬಿ. ಲಾರಿಯವನು ಕಾಯಲಿ.

ಪಾಲು ಹಂಚುವುದು

ಜಾಸ್ತಿ ಬಿಸಿ ಏರುವುದು ಇಲ್ಲಿಯೇ. ನಾವು 15 ಮನೆ ಸೇರಿದ್ದೆವು, ಮೊದಲ ಸಭೆಯಲ್ಲೇ ಒಂದು ಮನೆ ಎದ್ದು ಹೋಯಿತು. ಅವರ ಮಾತು, ‘ಮರ ನಮ್ಮದು, ಚಪ್ಪರ ನಮ್ಮದು, ಮತ ಮಾತ್ರ ಎಲ್ಲರಿಗೂ ಸಮ ಅಂದರೆ ಹೇಗೆ?’ ಪ್ರಶ್ನೆಯಲ್ಲಿ ತಪ್ಪಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರು ಮ್ಯಾಮ್ಕೋಸ್ ಅನ್ನುವ ಮಾರಾಟ ಸಹಕಾರ ಸಂಘ ಕಟ್ಟಿಕೊಂಡದ್ದು 1939ರಲ್ಲಿ. ತೋಟ ಇದ್ದವರಿಗೆ ಒಂದು ಬಾಗಿಲು ಅಂದಿನಿಂದ ಇದೆ. ನಮ್ಮ ಕೇರಿಯ ಹೆಕ್ಕುವವರಿಗೆ ಅಂಥ ಬಾಗಿಲೇ ಇರಲಿಲ್ಲ. ಅವರನ್ನು ಕೂಲಿಯವರಾಗಿಯೇ ಇಟ್ಟು ‘ಸಂಘ’ ಅಂತ ಹೆಸರಿಟ್ಟರೆ ಮಂಡಿಗೂ ಇದಕ್ಕೂ ಏನು ವ್ಯತ್ಯಾಸ?

ಕೊನೆಗೆ ಒಪ್ಪಿಕೊಂಡದ್ದು ಇಷ್ಟು. ಮರ ಇದ್ದವರ ಜಾಗದಲ್ಲಿ ಬೇರೆಯವರು ಹೆಕ್ಕಿದರೆ ನಾಲ್ಕರಲ್ಲಿ ಒಂದು ಪಾಲು ಮರದವರಿಗೆ. ಚಪ್ಪರಕ್ಕೆ ಬಾಡಿಗೆ ಉಂಟು. ಮತ ಮಾತ್ರ ಮನೆಗೊಂದೇ, ಅದನ್ನು ಹಾಕುವವರು ಆ ಮನೆಯಲ್ಲಿ ಹೆಕ್ಕುವವರು. ನಮ್ಮಲ್ಲಿ ಹನ್ನೊಂದು ಮನೆಯಲ್ಲಿ ಅದು ಹೆಂಗಸರು. ಬ್ಯಾಂಕಿನ ಖಾತೆ ಇಬ್ಬರು ಹೆಂಗಸರ ಸಹಿಯಲ್ಲಿ. ನನಗೆ ಸಹಿ ಇಲ್ಲ. ಅದು ನಾನೇ ಹಾಕಿದ ಷರತ್ತು, ನನ್ನ ಹಳೇ ಕೈ ನನಗೆ ಗೊತ್ತು.

ಹಸಿ ಸಿಪ್ಪೆ ತೂಗಿ ತೆಗೆದುಕೊಳ್ಳುತ್ತೇವೆ. ಬೀಜ ಅವರವರ ಮನೆಯಲ್ಲೇ ಉಳಿಯುತ್ತದೆ. ಮಳೆ ಜೋರಿದ್ದಾಗ ಸಿಪ್ಪೆಯಲ್ಲಿ ನೀರು ಜಾಸ್ತಿ, ಹಾಗಾಗಿ ಪ್ರತಿ ವಾರ 10 ಕೆಜಿ ಹಸಿ ಸಿಪ್ಪೆಯನ್ನು ಬೇರೆ ತಟ್ಟೆಯಲ್ಲಿ ಒಣಗಿಸಿ ಎಷ್ಟಕ್ಕೆ ಇಳಿಯುತ್ತದೆ ನೋಡುತ್ತೇವೆ. ಒಂದು ವಾರ 1.4 ಕೆಜಿ, ಇನ್ನೊಂದು ವಾರ 1.2. ಆ ವಾರದ ದರ ಆ ಲೆಕ್ಕದಲ್ಲಿ. ಹಾಗೆ ಮಾಡಿದ ಮೇಲೆ ‘ಹಸಿ ಇದೆ’ ಅನ್ನುವ ಮಾತೇ ನಿಂತಿತು. ತಂದ ದಿನವೇ ಮೂರರಲ್ಲಿ ಎರಡು ಪಾಲು ದುಡ್ಡು. ಉಳಿದದ್ದು ಮಾರಿದ ಮೇಲೆ, ಗೌರಿ ಹಬ್ಬದ ಮುಂಚೆ ಒಂದು ಸಭೆಯಲ್ಲಿ. ಹೋದ ವರ್ಷ ನೂರು ರೂಪಾಯಿಯಲ್ಲಿ 68 ಹೆಕ್ಕಿದವರಿಗೆ, 14 ರಾತ್ರಿ ಕೂತು ಒಣಗಿಸಿದವರ ಕೂಲಿಗೆ, 6 ಚೀಲ, ಸಾಗಾಟ, ಬಾಡಿಗೆಗೆ, 7 ಮುಂಗಡದ ನಿಧಿಗೆ, 5 ಗಿಡಕ್ಕೆ ಹೋಯಿತು. ಇದನ್ನು ಸುಣ್ಣದ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದೇವೆ.

ಕಾಗದ ಪತ್ರ

ಇದರಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಮೊದಲ ಎರಡು ವರ್ಷ ಸ್ವಸಹಾಯ ಗುಂಪಾಗಿ ಇದ್ದರೆ ಸಾಕು. ಆಹಾರದ ವಸ್ತು ಆದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ವಹಿವಾಟು ಸಣ್ಣದಿದ್ದ ಕಾರಣ ನಾವು ಮಾಡಿಸಿದ್ದು ಮೂಲ ನೋಂದಣಿ, ಆಗ ವರ್ಷಕ್ಕೆ 100 ರೂಪಾಯಿ ಇತ್ತು. ಆನ್‌ಲೈನ್ ಸೆಂಟರಿನವರು ಎರಡು ಸಾವಿರ ಕೇಳಿದರೆ ಎದ್ದು ಬನ್ನಿ. ಹತ್ತು ಜನ ಉತ್ಪಾದಕರು ಸೇರಿದರೆ ಉತ್ಪಾದಕರ ಕಂಪನಿ ಮಾಡಬಹುದು, ಅಲ್ಲೂ ಒಬ್ಬರಿಗೆ ಒಂದೇ ಮತ. ಸಹಕಾರ ಸಂಘವೂ ಆಗುತ್ತದೆ. ಕರ್ನಾಟಕಕ್ಕೆ ಇದೇನು ಹೊಸದಲ್ಲ, ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಗಿದೆ. ಆದರೆ ಕಂಪನಿ ಮಾಡಿದರೆ ವ್ಯಾಪಾರ ಇರಲಿ ಬಿಡಲಿ ಪ್ರತಿ ವರ್ಷ ಆಡಿಟ್ ಆಗಬೇಕು, ಆಡಿಟರ್ ಫೀಸು ಕಟ್ಟಬೇಕು. ಬೋರ್ಡು ಇದ್ದು ಸರಕು ಇಲ್ಲದ ಎಷ್ಟೋ ಕಂಪನಿಗಳನ್ನು ನಮ್ಮ ತಾಲೂಕಿನಲ್ಲೇ ನೋಡಿದ್ದೇನೆ.

ಗಿಡ

ಉಪ್ಪಾಗೆ ಬೀಜ ಹಾಕಿದ ಕೂಡಲೇ ಹುಟ್ಟುವುದಿಲ್ಲ. ಐದಾರು ತಿಂಗಳು ಮಣ್ಣಲ್ಲಿ ಸುಮ್ಮನೆ ಮಲಗಿರುತ್ತದೆ. ನಾವು ಮೊದಲ ವರ್ಷ 300 ಬೀಜ ಹಾಕಿ, ಎರಡು ತಿಂಗಳು ಕಾದು, ಸತ್ತಿದೆ ಅಂತ ಮಣ್ಣು ಚೆಲ್ಲಿದೆವು. ಆಮೇಲೆ ಆ ಚೆಲ್ಲಿದ ಜಾಗದಲ್ಲೇ ಗಿಡ ಎದ್ದಿತು. ಬೀಜದ ಮೇಲಿನ ಸಿಪ್ಪೆಯನ್ನು ಉಗುರಲ್ಲಿ ಮೆಲ್ಲಗೆ ಬಿಡಿಸಿ ಹಾಕಿದರೆ ಬೇಗ ಹುಟ್ಟುತ್ತದೆ. ಒಳಗಿನ ಬೇಳೆಗೆ ಗಾಯ ಆಗಬಾರದು. ಈ ಕೆಲಸಕ್ಕೆ ಮಕ್ಕಳ ಉಗುರೇ ಸರಿ.

ಇನ್ನೊಂದು ತೊಡಕು. ಬೀಜದ ಗಿಡ ಫಲಕ್ಕೆ ಬರಲು ಹತ್ತು ಹನ್ನೆರಡು ವರ್ಷ, ಅದರಲ್ಲೂ ಅರ್ಧದಷ್ಟು ಗಂಡು ಮರ ಆಗಿಬಿಡಬಹುದು. ಹೂ ಬಿಡುವ ತನಕ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ದಾರಿ ಹಿಡಿಯಿರಿ. ತೋಟದ ಬೇಲಿಗೆ, ಹಿತ್ತಲಿಗೆ ಕಸಿ ಗಿಡ. ಚೆನ್ನಾಗಿ ಹಿಡಿಯುವ ಹೆಣ್ಣು ಮರದ ಕುಡಿ ತಂದು ಕಟ್ಟಿದರೆ ಮೂರು ನಾಲ್ಕು ವರ್ಷಕ್ಕೆ ಕಾಯಿ. ಕಸಿ ಕಲಿಯಲು ಶಿರಸಿಯ ಅರಣ್ಯ ಕಾಲೇಜು, ಇರುವಕ್ಕಿಯ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯದ ಕಡೆ ವಿಚಾರಿಸಿ. ಸೊಪ್ಪಿನಬೆಟ್ಟಕ್ಕೆ ಬೀಜದ ಗಿಡ. ಅಲ್ಲಿ ಗಂಡು ಮರವೂ ಬೇಕು, ಎಲ್ಲವೂ ಒಂದೇ ತಾಯಿಯ ಕಸಿಯಾದರೆ ಒಂದು ರೋಗಕ್ಕೆ ಎಲ್ಲ ಮಲಗುತ್ತವೆ. ಅಡಿಕೆಗೆ ಎಲೆಚುಕ್ಕೆ ಬಂದು ನೋಡಿದ್ದೇವಲ್ಲ, ಅಷ್ಟು ಸಾಕು.

ಬೆಟ್ಟದಲ್ಲಿ ಗುಂಡಿ ತೆಗೆಯುವ ಮುಂಚೆ ಇನ್ನೊಂದು ಕೆಲಸ ಇದೆ. ದರಗು, ಅಂದರೆ ಒಣ ಎಲೆ, ಗುಡಿಸುವುದನ್ನು ಬೆಟ್ಟದ ಮೂರರಲ್ಲಿ ಒಂದು ಭಾಗದಲ್ಲಿ ನಿಲ್ಲಿಸಿ, ದನ ನುಗ್ಗದ ಹಾಗೆ ಬೇಲಿ ಕಟ್ಟಿ. ಮೂರು ವರ್ಷ ಬಿಟ್ಟ ನಮ್ಮ ಬೆಟ್ಟದ ಮೂಲೆಯಲ್ಲಿ ನಾವು ನೆಡದ ನೇರಳೆ, ಮುರುಗಲು, ಹೊನ್ನೆ ಎಲ್ಲ ತಾವಾಗೇ ಎದ್ದಿವೆ. ನೆಟ್ಟ ಗಿಡದಲ್ಲಿ ಬದುಕಿದ್ದು ಅರ್ಧ. ತಾನಾಗಿ ಬಂದವಕ್ಕೆ ಯಾರೂ ನೀರೂ ಹಾಕಿಲ್ಲ.

ಒಂದೇ ಗಿರಾಕಿಯನ್ನು ನಂಬಬೇಡಿ

ಉಪ್ಪಾಗೆಗೆ 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಬೇಡಿಕೆ ಏರಿದ್ದು ಹೊರದೇಶದವರ ಬೊಜ್ಜಿನಿಂದ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಅಂತ ಮಾತ್ರೆ ಮಾಡಿ ಮಾರಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಯೋಗದಲ್ಲಿ ಮದ್ದಿಲ್ಲದ ಸುಳ್ಳುಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಆದರೂ ಮಾತ್ರೆ ಮಾರಾಟ ನಿಂತಿಲ್ಲ. ಎಲ್ಲೋ ಯಾರೋ ಮನಸ್ಸು ಬದಲಾಯಿಸಿದರೆ ನಮ್ಮ ಕೇರಿಯ ದರ ಬೀಳುತ್ತದೆ. ಅದಕ್ಕೆ ಮೂರರಲ್ಲಿ ಒಂದು ಪಾಲು ಸಿಪ್ಪೆಯನ್ನು ಅಡಿಗೆಗೆ ಅಂತಲೇ ಸಣ್ಣ ಪ್ಯಾಕೆಟ್ ಮಾಡುತ್ತೇವೆ. ಹುಣಸೆ ಬದಲು ಸಾರಿಗೆ, ಮೀನಿಗೆ ಹಾಕುವವರು ಶಿವಮೊಗ್ಗದಲ್ಲೂ ಕರಾವಳಿಯಲ್ಲೂ ಇದ್ದಾರೆ.

ಬೀಜದಿಂದ ಉಪ್ಪಾಗೆ ತುಪ್ಪ. ಬೀಜ ಚೆನ್ನಾಗಿ ಒಣಗಿಸಿ, ಕುಟ್ಟಿ, ನೀರು ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ತೆಗೆದು ತಣಿಸಿದರೆ ಗಟ್ಟಿ. ಬಿಸಿ ದೋಸೆ ಮೇಲೆ ಒಂದು ಉಂಡೆ ಇಟ್ಟರೆ ಕರಗಿ ಹರಿಯುತ್ತದೆ. ನಮ್ಮ ಕೇರಿಯಲ್ಲಿ ಇದು ಗೊತ್ತಿದ್ದದ್ದು ಆ ಓದಲು ಬಾರದ ಅಜ್ಜಿ ಒಬ್ಬರಿಗೆ. ಈಗ ಆರು ಮನೆಯವರು ಅವರ ಹತ್ತಿರ ಕಲಿತಿದ್ದಾರೆ. ತುಪ್ಪದ ದುಡ್ಡು ಸಂಘಕ್ಕೆ ಬರುವುದಿಲ್ಲ, ಅದು ಮಾಡಿದವರದು. ನಾವು ಕೇಳಲೂ ಇಲ್ಲ.

ನಮ್ಮ ತಕ್ಕಡಿಯ ಮುದ್ರೆಗೆ ಈ ತಿಂಗಳು ವರ್ಷ ತುಂಬುತ್ತದೆ. ಸೋಮವಾರ ಬೆಳಗಿನ ಬಸ್ಸಿಗೆ ಅದನ್ನು ಹಾಕಿಕೊಂಡು ಕೆಳಮನೆ ಅಕ್ಕ, ನಾನು ಪೇಟೆಗೆ ಹೋಗುತ್ತಿದ್ದೇವೆ. ಹೋದ ಸಲ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಕೇಳಿದ್ದ. ಈ ಸಲ ಅಕ್ಕ ಚಿಲ್ಲರೆ ತೆಗೆದಿಟ್ಟಿದ್ದಾರೆ.